ತಾಜಾ ಎಂದು ಹೇಳಿ ಕೊಟ್ಟ ಕರುಳು

ಶೋಭಮ್ಮ, ಅಂದು ನಿಮ್ಮ ಪರೀಕ್ಷೆಯ ಪ್ರಯೋಗ ಕೆಡಿಸಿದವನು ನಾನು. ನಾನು ತಂದುಕೊಟ್ಟ ಮೇಕೆಯ ಕರುಳು ಕೆಟ್ಟಿತ್ತು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ಕೊಟ್ಟೆ.

ಫಾರ್ಮಸಿ ಕಾಲೇಜಿನ ಲ್ಯಾಬಿನಲ್ಲಿ ನಾನು ಅಟೆಂಡರ್. ಹುಣಸೂರಿನ ಮಟನ್ ಅಂಗಡಿಯಲ್ಲಿ ಎದುರು ನಿಂತು, ಕೊಯ್ದ ಕೂಡಲೇ ಕರುಳನ್ನು ಉಪ್ಪಿನ ದ್ರಾವಣದ ಫ್ಲಾಸ್ಕಿಗೆ ಹಾಕಿಸಿಕೊಂಡು ಬರುವುದು ನನ್ನ ಕೆಲಸವಾಗಿತ್ತು. ಆ ದಿನ ಹರಾಜಿಗೆ ನಮ್ಮ ಹೊಗೆಸೊಪ್ಪಿನ ಬೇಲು ಬಂದಿತ್ತು. ಫ್ಲಾಸ್ಕನ್ನು ಅಂಗಡಿಯಲ್ಲಿಟ್ಟು ಅತ್ತ ಹೋದೆ. ಮರಳುವಷ್ಟರಲ್ಲಿ ಅಂಗಡಿಯವನು, ಎಲ್ಲ ಗಿರಾಕಿಗಳಿಗೂ ಮಾಡುವ ಹಾಗೆ, ಕರುಳನ್ನು ಬಿಸಿನೀರಲ್ಲಿ ಒಳಗೂ ಹೊರಗೂ ತೊಳೆದಿಟ್ಟಿದ್ದ.

"ಬೋಟಿ ಸಾರಿಗೆ ರೆಡಿ ಕಣಣ್ಣ, ವಾಸ್ನೆ ಒಸಿನೂ ಇಲ್ಲ" ಅಂದ.

ಇನ್ನೊಂದು ಮೇಕೆ ಕೊಯ್ಯುವುದು ಮರುದಿನವೇ. ಬಿಸಿನೀರು ತಾಗಿದ ಕರುಳು ಪ್ರಯೋಗಕ್ಕೆ ಆಗದೆಂದು ಗೊತ್ತಿದ್ದೂ ಅದನ್ನೇ ಫ್ಲಾಸ್ಕಿಗೆ ತುಂಬಿ ತಂದೆ.

"ಮಲ್ಲಣ್ಣ, ತಾಜಾ ತಾನೆ?" ಎಂದು ಕೇಳಿದಿರಿ.

"ಈಗ್ತಾನೆ ಕುಯ್ದಿದ್ದು ಕಣವ್ವ, ಸೀದಾ ಫ್ಲಾಸ್ಕಿಗೇ ಹಾಕಿಸ್ಕಂಡ್ ಬಂದೆ."

ನೀವು ನಂಬಿದಿರಿ. ಕರುಳಿಗೆ ತಂತಿ ತಾಗಿಸಿದಾಗ ಅದರ ವಿದ್ಯುತ್ ಅಲೆಗಳು ಕಾಗದದ ಮೇಲೆ ಸಣ್ಣಗೆ ಏರಿಳಿದವು. ಅಡ್ರಿನಲಿನ್ ಜಾತಿಯ ಮದ್ದು ಬಿದ್ದರೆ ಆ ಅಲೆಗಳು ಅಡಗುತ್ತವೆ. ಆ ಮದ್ದನ್ನು ತಡೆಯುವ ಬೀಟಾ ಬ್ಲಾಕರ್ ಮೊದಲೇ ಹಾಕಿದ್ದರೆ ಉಳಿಯುತ್ತವೆ — ನೀವು ತೋರಿಸಬೇಕಿದ್ದುದು ಇಷ್ಟೇ. ಎಲ್ಲವನ್ನೂ ಕ್ರಮವಾಗಿಯೇ ಹಾಕಿದಿರಿ. ಆದರೂ ಅಲೆಗಳು ಅಡಗಿಯೇ ಹೋದವು — ಮದ್ದಿನಿಂದಲ್ಲ, ಬಿಸಿನೀರಲ್ಲಿ ಕೆಟ್ಟ ಕರುಳು ತಾನಾಗಿಯೇ ಸತ್ತದ್ದರಿಂದ.

"ದ್ರಾವಣ ಬೆರೆಸೋಕೂ ಬರಲ್ವೇನಮ್ಮ?" ಎಂದರು ಪರೀಕ್ಷಕರು.

ನಾನು ಅಲ್ಲೇ ಸಿಂಕಿನಲ್ಲಿ ಗಾಜು ತೊಳೆಯುತ್ತಿದ್ದೆ. ಒಂದು ಮಾತು, ಒಂದೇ ಮಾತು ಆಡಿದ್ದರೆ... ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ನೀವು ಫೇಲಾದಿರಿ. ಓದಿದ್ದು ಸಾಕೆಂದು ನಿಮ್ಮ ತಂದೆ ಪಿರಿಯಾಪಟ್ಟಣಕ್ಕೆ ಕರೆದೊಯ್ದರು.

ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಬಿ.ಪಿ. ಮಾತ್ರೆಗೆಂದು ಕೃಷ್ಣರಾಜನಗರದ ಮೆಡಿಕಲ್ ಶಾಪಿಗೆ ಹೋದರೆ ಕೌಂಟರಿನಲ್ಲಿ ಮಾತ್ರೆ ತೆಗೆದುಕೊಡುವ ಕೆಲಸದಲ್ಲಿ ನೀವು! ಚೀಟಿ ನೋಡಿ ನೀವು ನಕ್ಕಿರಿ.

"ಇದೂ ಬೀಟಾ ಬ್ಲಾಕರ್ರೇ ಮಲ್ಲಣ್ಣ. ಡಾಕ್ಟರನ್ನ ಕೇಳ್ದೆ ತಟ್ಟಂತ ನಿಲ್ಲಿಸ್ಬೇಡಿ." ಆಮೇಲೆ ದನಿ ತಗ್ಗಿಸಿ ಹೇಳಿದಿರಿ: "ಅವತ್ತು ನನ್ನ ಕೈಯೇ ಸರಿಯಿರ್ಲಿಲ್ಲ ಕಣಣ್ಣ. ಈಗ್ಲೂ ಮಕ್ಕಳ ಸಿರಪ್‌ಗೆ ನೀರು ಬೆರ್ಸೋವಾಗ ನಡುಗುತ್ತೆ."

ಆಗಲೂ — ಆಗಲೂ ನಾನು ಮಾತ್ರೆ ಜೇಬಿಗಿಟ್ಟು ಬಸ್ಸು ಹತ್ತಿದೆ. ನಾಚಿಕೆಯಾಗುತ್ತದೆ.

ಹೊಟ್ಟೆಪಾಡು ಎಂದು ಜಾರಿಕೊಳ್ಳಲಾರೆ. ಕ್ಷಮಿಸಿ ಎನ್ನಲು ನಾಲಗೆ ಏಳುವುದಿಲ್ಲ. ನಾಳೆ ಈ ಕಾಗದ ಹಿಡಿದು ನಿಮ್ಮ ಕೌಂಟರಿನ ಎದುರು ನಿಲ್ಲುತ್ತೇನೆ. ಇಷ್ಟನ್ನಾದರೂ ಬಾಯಿಬಿಟ್ಟು ಹೇಳುತ್ತೇನೆ — ನಿಮ್ಮ ಕೈ ಸರಿಯಾಗಿಯೇ ಇತ್ತು, ಶೋಭಮ್ಮ.