ಅಳ್ಳಾಡಿದ ಡೈಕು

ಬೇಸಿಗೆ ರಜೆಯ ಕ್ಷೇತ್ರಕಾರ್ಯದಲ್ಲಿ ಪಾಸಾಗದಿದ್ದರೆ ನಮಗೆ ಭೂವಿಜ್ಞಾನದ ಡಿಗ್ರಿ ಇಲ್ಲ. ಮೊದಲ ವಾರ ಬೇಗೂರಿನ ಸುತ್ತ ಬಂಡೆ ಬಡಿದು ಮುಗಿಸಿ, ಎರಡನೆಯ ವಾರ ಹರದನಹಳ್ಳಿಯ ಹೊಲಗಳಿಗೆ ಬಂದಿದ್ದೆವು. ಯಾವ ಬಂಡೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನಕ್ಷೆ ಬರೆಯುವುದೇ ಕೆಲಸ.

ಬೂದುಬಣ್ಣದ ಬಂಡೆಯ ಸೀಮೆಯಲ್ಲಿ ಕರಿಕಲ್ಲು ಗೋಡೆಯಂತೆ ನೆಟ್ಟಗೆ ಹೊರಟಿದ್ದರೆ ಅದು ಡೈಕು, ಭೂಮಿಯೊಳಗಿನ ಕರಗಿದ ಕಲ್ಲು ಬಿರುಕಿನಲ್ಲಿ ಮೇಲೆದ್ದು ಗಟ್ಟಿಯಾದದ್ದು ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಹತ್ತಿರ ಹೋಗಿ ನೋಡಿ ಎಂದೂ ಹೇಳಿದ್ದರು. ಬಿಸಿಲಿತ್ತು, ಹುಣಸೆಮರವಿತ್ತು. ನೆರಳಲ್ಲಿ ಕೂತೇ ಹೊಲದ ನಡುವೆ ಸಾಲಾಗಿದ್ದ ಕರಿಕಲ್ಲುಗಳನ್ನು ಡೈಕೆಂದು ಬರೆದು, ದಿಕ್ಕು, ಅಗಲ ಎಲ್ಲ ನಮೂದಿಸಿದೆ. ಮೇಷ್ಟ್ರು ಕ್ಯಾಂಪಿನ ಕುರ್ಚಿಯಲ್ಲಿ ಕೂತೇ ‘ಬಹಳ ಚೆನ್ನಾಗಿದೆ’ ಎಂದು ಬರೆದರು. ಮಾರನೆಯ ಬೆಳಿಗ್ಗೆ ಆ ಡೈಕನ್ನು ತೋರಿಸಲು ಇಡೀ ತರಗತಿಯನ್ನು ಕರೆತಂದರು.

ಹೊಲದೊಡತಿ ಅಜ್ಜಿ ಎಮ್ಮೆ ಮೇಯಿಸುತ್ತಿದ್ದರು.

“ಕಲ್ ಎತ್ಕೊಂಡೋಗಕ್ ಬಂದ್ರಾ?”

“ಇಲ್ಲಮ್ಮ, ಇದು ಭೂಮಿಯ ಆಳದಿಂದ ಬಂದದ್ದು, ನೋಡೋಣ ಅಂತ,” ಎಂದರು ಮೇಷ್ಟ್ರು.

“ಯಾವ್ ಆಳ ಸಾಮಿ? ನಮ್ ಯಜಮಾನ್ರೂ ಮೈದ್ನೂ ಪಾಲಾದಾಗ ಗಡಿಗೆ ಅಂತ ಕ್ವಾರಿಯಿಂದ ಟ್ರಾಕ್ಟ್ರಲ್ ತಂದಾಕಿದ್ದು ಕಣಪ್ಪ. ಬೇಕಾರೆ ಅಳ್ಳಾಡ್ಸು.”

ಮೇಷ್ಟ್ರು ಕಾಲಿನಿಂದ ತಳ್ಳಿದರು. ನನ್ನ ಡೈಕು ಉರುಳಿತು.

“ಏನ್ ಡೈಕ್ಲಾ ನಿಂದು, ನಡೀತದೆ!” ಎಂದ ಹಿಂದಿದ್ದ ಗೆಳೆಯ.

ಅಣ್ಣತಮ್ಮಂದಿರ ಮುನಿಸಿಗೆ ನಾನು ದಿಕ್ಕು ಅಳೆದಿದ್ದೆ. ಮೇಷ್ಟ್ರು ‘ಬಹಳ ಚೆನ್ನಾಗಿದೆ’ಯನ್ನು ಹೊಡೆದುಹಾಕಿ, “ಸಂಜೆಯೊಳಗೆ ಸರಿಯಾದ ನಕ್ಷೆ ಕೊಡದಿದ್ದರೆ ಮುಂದಿನ ಬೇಸಿಗೆಗೂ ಇಲ್ಲಿಗೇ ಬಾ,” ಎಂದು ಹೊರಟರು.

ಆ ಹೊಲದ ಒಂದೊಂದು ಕಲ್ಲನ್ನೂ ತಳ್ಳಿ ನೋಡಿದೆ. ಎಲ್ಲವೂ ಅಳ್ಳಾಡಿದವು. ಮಧ್ಯಾಹ್ನ ಅಜ್ಜಿ ಮಜ್ಜಿಗೆ ಕೊಟ್ಟು ಕೇಳಿದರು:

“ನೆಲ್ದಲ್ ಉಟ್ಟಿರೋ ಕರಿಕಲ್ಲೇ ಬೇಕೇನ್ಲಾ ಮಗ? ಬಾವಿ ತೋಡ್ದಾಗ ಸಿಕ್ತಲ್ಲ, ಅದ ನೋಡೋಗು.”

ನೀರಿಲ್ಲದ ಬಾವಿಗೆ ಇಳಿದೆ. ಬೂದು ಗೋಡೆಯನ್ನು ಸೀಳಿಕೊಂಡು, ಮೇಲಿಂದ ಕೆಳಗೆ ನಿಂತಿತ್ತು ಕಪ್ಪು ಪಟ್ಟಿ. ಸುತ್ತಿಗೆ ಎಗರಿತೇ ಹೊರತು ಅದು ಮಿಸುಕಲಿಲ್ಲ. ದಿಕ್ಕು ಹಿಡಿದು ನೋಡಿದರೆ ಅದು ಗಡಿಕಲ್ಲುಗಳ ಅಡಿಯಲ್ಲೇ ಹಾದು, ಪಾಲಿನ ಲೆಕ್ಕವಿಲ್ಲದೆ ಎರಡೂ ಹೊಲಗಳಿಗೆ ಅಡ್ಡಲಾಗಿ ಹೋಗಿತ್ತು.

ಸಂಜೆ ಮೇಷ್ಟ್ರು ಬಾವಿಯ ಕಟ್ಟೆಯಿಂದ ಬಗ್ಗಿ ನೋಡಿದರು. ಪೆನ್ನು ತೆಗೆದವರು ಮೊದಲು ಅಜ್ಜಿಯ ಮುಖ ನೋಡಿದರು.

“ಇದ್ ನಾವ್ ತಂದಾಕಿದ್ದಲ್ಲ ಕಣಪ್ಪ,” ಎಂದರು ಅಜ್ಜಿ.

ನನ್ನ ಹೊಸ ನಕ್ಷೆಗೆ ಸಹಿ ಬಿತ್ತು.