ವಫ್ರಾದ ಟೊಮೆಟೊ ಪೆಟ್ಟಿಗೆ ಮತ್ತು ಯಶೋಧರಣ್ಣ

ಯಶೋಧರಣ್ಣನ ತೂಕ ತೊಂಬತ್ತೆರಡು ಕಿಲೋ. ಅವರ ಪರಿಚಯವನ್ನು ಇಲ್ಲಿಂದಲೇ ಶುರು ಮಾಡುತ್ತಿರುವುದು ಹಾಸ್ಯಕ್ಕಲ್ಲ. ಕುವೈತಿನ ಶುವೈಖಿನಲ್ಲಿ ಗ್ಯಾರೇಜುಗಳ ಹಿಂದಿನ ಸಾಲಿನಲ್ಲಿರುವ ನಮ್ಮ ರಟ್ಟಿನ ಪೆಟ್ಟಿಗೆಯ ಫ್ಯಾಕ್ಟರಿಯಲ್ಲಿ ಆ ತೂಕ ಹಲವು ವರ್ಷ ಒಂದು ಯಂತ್ರದ ಕೆಲಸ ಮಾಡಿದೆ.

ಹೊಸ ಆರ್ಡರಿನ ಮೊದಲ ಪೆಟ್ಟಿಗೆ ತಯಾರಾದ ಕೂಡಲೇ ಯಶೋಧರಣ್ಣ ಅದನ್ನು ನೆಲದ ಮೇಲಿಟ್ಟು ಅದರ ಮೇಲೆ ಕೂರುತ್ತಿದ್ದರು. ಬರೀ ಕೂರುವುದಲ್ಲ. ಮಡಿಲಲ್ಲಿ ಇಪ್ಪತ್ತೈದು ಕಿಲೋದ ಸ್ಟಾರ್ಚ್ ಚೀಲ, ಚೀಲದ ಮೇಲೆ ಊಟದ ಡಬ್ಬಿ. ಊಟ ಮುಗಿಯುವ ತನಕ, ಅಂದರೆ ಭರ್ತಿ ಅರ್ಧ ಗಂಟೆ, ಪೆಟ್ಟಿಗೆ ಇಷ್ಟನ್ನೂ ಹೊರಬೇಕು. ನಡುವೆ ಅದು ಒಮ್ಮೆ ಕಿರ್ ಎಂದರೆ ಅವರು ಅಗಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು. ಎರಡನೆಯ ಸಲ ಕಿರ್ ಎಂದರೆ ಕೈ ತೊಳೆದು ಬಂದು ಆರ್ಡರ್ ನಿಲ್ಲಿಸುತ್ತಿದ್ದರು.

ಅವರು ಬೆಳ್ಮಣ್ಣಿನವರು. ಕುವೈತಿಗೆ ಬಂದು ಇಪ್ಪತ್ತಾರು ವರ್ಷ. ಅದರಲ್ಲಿ ಮೊದಲ ಆರು ವರ್ಷ ಫ್ಯಾಕ್ಟರಿಯ ಹಿಂದಿನ ರದ್ದಿ ಯಾರ್ಡಿನಲ್ಲಿ ಕಳೆದವು. ಹವಲ್ಲಿಯ ಮೊಬೈಲ್ ಅಂಗಡಿಗಳಿಂದ, ಬಂದರಿನ ಗೋದಾಮುಗಳಿಂದ ಬರುವ ಹಳೆಯ ಪೆಟ್ಟಿಗೆಗಳನ್ನು ಅಲ್ಲಿ ಒತ್ತಿ, ತಂತಿ ಬಿಗಿದು ಮೂಟೆ ಮಾಡುತ್ತಾರೆ. ಆಮೇಲೆ ಅವು ಪಕ್ಕದ ದೊಡ್ಡ ತೊಟ್ಟಿಗೆ ಬೀಳುತ್ತವೆ. ತೊಟ್ಟಿಯ ತಳದಲ್ಲಿ ಮಿಕ್ಸಿಯಲ್ಲಿರುವಂಥ ಬ್ಲೇಡು; ನೀರು ಸೇರಿ ತಿರುಗಿದರೆ ರಟ್ಟು ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಅದನ್ನು ಸೋಸಿ, ತೆಳ್ಳಗೆ ಹರಡಿ, ಬಿಸಿ ಉರುಳೆಗಳ ಮೇಲೆ ಒಣಗಿಸಿದರೆ ಮತ್ತೆ ಕಾಗದ. ಯಾರ್ಡಿಗೆ ಚಾವಣಿ ಇಲ್ಲ. ಜುಲೈಯಲ್ಲಿ ಅಲ್ಲಿ ನಿಂತರೆ ನಾವೂ ಒಣಗಿ ಕಾಗದವಾಗುತ್ತೇವೆ. ಕಾಗದ ಮುಟ್ಟಿ ಅದರಲ್ಲಿ ಎಷ್ಟು ತೇವ ಉಳಿದಿದೆ ಎಂದು ಹೇಳುವ ಈ ಮನುಷ್ಯನನ್ನು ಆಗಿನ ಆಪರೇಟರ್ ಒಬ್ಬ ಗುರುತಿಸಿ ಒಳಗೆ ಕರೆದುಕೊಂಡ. ಅಂದಿನಿಂದ ಅವರು ದೊಡ್ಡ ಮೆಷಿನಿನವರು.

ಮೂರು ಕಾಗದದ ಸುರುಳಿಗಳು ಆ ಮೆಷಿನಿಗೆ ಹೋಗುತ್ತವೆ. ನಡುವಿನ ಕಾಗದ ಹಬೆಯಲ್ಲಿ ಮೆತ್ತಗಾಗಿ, ಹಲ್ಲಿರುವ ಎರಡು ರೋಲರುಗಳ ನಡುವೆ ನುಸುಳಿ, ಸಿಮೆಂಟ್ ಶೀಟಿನಂತೆ ಅಲೆ ಅಲೆಯಾಗಿ ಹೊರಬರುತ್ತದೆ. ಅಲೆಗಳ ತುದಿಗೆ ಸ್ಟಾರ್ಚಿನ ಅಂಟು, ಮೇಲೊಂದು ಕೆಳಗೊಂದು ಚಪ್ಪಟೆ ಕಾಗದ, ಬಿಸಿ ತಟ್ಟೆಗಳ ಮೇಲೆ ಒಂದು ಪಯಣ, ಕೊನೆಗೆ ಕತ್ತರಿ. ಅಂಟನ್ನು ಯಶೋಧರಣ್ಣ ತಾವೇ ಕಾಯಿಸುತ್ತಾರೆ. ಎರಡು ಬೆರಳ ನಡುವೆ ತಿಕ್ಕಿ, ಎಳೆದು ನೋಡಿ, "ಈಗ ಹಿಡೀತದೆ" ಎಂದರೆ ಹಿಡಿಯಿತೆಂದೇ ಲೆಕ್ಕ.

ಇನ್ನು ನಾನು. ಪ್ಯಾಕೇಜಿಂಗಿನಲ್ಲಿ ಡಿಪ್ಲೊಮಾ, ಕುವೈತಿನಲ್ಲಿ ಹದಿನಾಲ್ಕು ತಿಂಗಳು. ಬೆಲ್ಟಿಗೆ ಕಾಗದದ ದಪ್ಪ ಅಳೆಯುವ ಮೈಕ್ರೊಮೀಟರ್ ಸಿಕ್ಕಿಸಿಕೊಂಡು ಓಡಾಡುತ್ತೇನೆ. ಅದರಿಂದ ಅಳೆಯುವ ಪ್ರಸಂಗ ವಾರಕ್ಕೊಮ್ಮೆ ಬರುತ್ತದೆ. ಉಳಿದ ದಿನ ಅದು ಸೊಂಟಕ್ಕೆ ಚುಚ್ಚುತ್ತದೆ. ತರೀಕೆರೆಯವನಾದ್ದರಿಂದ ಯಶೋಧರಣ್ಣನಿಗೆ ನಾನು "ಘಟ್ಟದವ". ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ "ಎಂಜಿನಿಯರ್ರೇ" ಎಂದು ಬಹುವಚನಕ್ಕೆ ಏರಿಸುತ್ತಾರೆ. ಅವರ ಹೆಂಡತಿ ಆಶಾಲತಕ್ಕ ಘಟ್ಟದ ಹುಡುಗನಿಗೆಂದು ದಿನಾ ಒಂದು ಡಬ್ಬಿ ಹೆಚ್ಚಿಗೆ ಕಳಿಸುತ್ತಿದ್ದರು. ಅದನ್ನು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಒಂದು ದಿನ ನಾನು ಕಂಪ್ಯೂಟರಿನ ಮುಂದೆ ಕೂತು ಸುತ್ತೋಲೆ ಟೈಪು ಮಾಡಿದೆ: ತಯಾರಾದ ಪೆಟ್ಟಿಗೆಗಳ ಮೇಲೆ ಯಾರೂ ಕೂರಕೂಡದು. ಕೂತ ಮನುಷ್ಯನ ಚಿತ್ರ, ಅದರ ಮೇಲೊಂದು ಕೆಂಪು ಗೀಟು. ಚಿತ್ರದ ಮನುಷ್ಯನಿಗೆ ಸ್ವಲ್ಪ ಹೊಟ್ಟೆಯೂ ಇತ್ತು. ಅದು ಇಂಟರ್ನೆಟ್ಟಿನ ತಪ್ಪು ಎಂದು ಈಗಲೂ ಹೇಳುತ್ತೇನೆ.

ಕಾರಣ, ನನ್ನ ಒತ್ತಾಯಕ್ಕೆ ಫ್ಯಾಕ್ಟರಿಗೆ ಪರೀಕ್ಷೆಯ ಯಂತ್ರವೊಂದು ಬಂದಿತ್ತು. ರಟ್ಟಿನ ಸಣ್ಣ ತುಂಡನ್ನು ನಿಲ್ಲಿಸಿ ಗುಂಡಿ ಒತ್ತಿದರೆ, ಎಷ್ಟು ಭಾರಕ್ಕೆ ಕುಸಿಯುತ್ತದೆಂದು ಅದು ಹಸಿರು ಅಂಕಿಯಲ್ಲಿ ಹೇಳುತ್ತದೆ. ಮ್ಯಾನೇಜರ್ ಬರ್ನಾರ್ಡ್ ಸರ್‌ಗೆ ಹಸಿರು ಅಂಕಿ ಬಹಳ ಹಿಡಿಸಿತು. ಅವರು ಶಿರ್ವದವರು, ಮನೆಯಲ್ಲಿ ಕೊಂಕಣಿ, ಫ್ಯಾಕ್ಟರಿಯಲ್ಲಿ ಐದು ಭಾಷೆ, ಐದರಲ್ಲೂ ಬೈಯಬಲ್ಲರು.

ಸುತ್ತೋಲೆಯ ಎದುರು ನಿಂತ ಯಶೋಧರಣ್ಣ ಚಿತ್ರ ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು.

"ಮತ್ತೆ ಊಟಕ್ಕೆ ಎಲ್ಲಿ ಕೂತ್ಕೊಳ್ಳುದು ಎಂಜಿನಿಯರ್ರೇ?"

"ಕುರ್ಚಿ ತರಿಸಿದ್ದೇವೆ ಯಶೋಧರಣ್ಣ."

"ಕುರ್ಚಿಯನ್ನು ಯಾರಿಗೆ ಮಾರ್ತೀರಿ?"

ನಾನು ನಕ್ಕೆ. ಪ್ರಶ್ನೆ ಅರ್ಥವಾಗಿರಲಿಲ್ಲ.

ಅದಾಗಿ ಎರಡು ವಾರಕ್ಕೆ ಕುವೈತಿನ ದಕ್ಷಿಣ ತುದಿಯ ವಫ್ರಾದ ತೋಟವೊಂದರಿಂದ ನಾಲ್ಕು ಸಾವಿರ ಟೊಮೆಟೊ ಪೆಟ್ಟಿಗೆಗಳ ಆರ್ಡರ್ ಬಂತು. ಯಾವ ಅಳತೆಯ ಹಾಳೆ ಕತ್ತರಿಸಬೇಕೆಂದು ಜಾಬ್ ಕಾರ್ಡ್ ಬರೆಯುವುದು ನನ್ನ ಕೆಲಸ. ಬರೆಯುವಾಗ ಒಂದು ಹೊಳಹು ಸಿಕ್ಕಿತು. ಪೆಟ್ಟಿಗೆಯ ನಕ್ಷೆಯನ್ನು ಹಾಳೆಯ ಮೇಲೆ ಅಡ್ಡಕ್ಕೆ ತಿರುಗಿಸಿ ಮಲಗಿಸಿದರೆ ಸುರುಳಿಯ ಅಂಚಿನಲ್ಲಿ ವ್ಯರ್ಥವಾಗುವ ಕಾಗದ ಅರ್ಧಕ್ಕರ್ಧ ಉಳಿಯುತ್ತಿತ್ತು! ತಿರುಗಿಸಿದೆ. ಬರ್ನಾರ್ಡ್ ಸರ್ ಬೆನ್ನು ತಟ್ಟಿ, "ಶಹಬ್ಬಾಸ್! ಇಷ್ಟು ವರ್ಷ ಯಾರಿಗೂ ಹೊಳೀಲಿಲ್ಲ ನೋಡು" ಎಂದರು. ಯಾರಿಗೂ ಏಕೆ ಹೊಳೆದಿರಲಿಲ್ಲ ಎಂದು ನಾನಾದರೂ ಕೇಳಿಕೊಳ್ಳಬಹುದಿತ್ತು. ಆ ಸಂಜೆ ತರೀಕೆರೆಗೆ ಫೋನು ಮಾಡಿ ಶಹಬ್ಬಾಸನ್ನು ಅಮ್ಮನಿಗೆ ವರದಿ ಮಾಡುವುದರಲ್ಲೇ ನನ್ನ ಬುದ್ಧಿಯೆಲ್ಲ ಖರ್ಚಾಯಿತು.

ಯಶೋಧರಣ್ಣನ ಮೆಷಿನಿನಿಂದ ಹೊರಬರುವುದು ಬರೀ ಹಾಳೆ. ಅದನ್ನು ಪೆಟ್ಟಿಗೆಯಾಗಿ ಕತ್ತರಿಸಿ ಮಡಚುವುದು ಇನ್ನೊಂದು ವಿಭಾಗ. ಮೊದಲ ಪೆಟ್ಟಿಗೆ ತಯಾರಾದಾಗ ಅವರು ಕುರ್ಚಿಯಲ್ಲಿ ಕೂತು ಊಟ ಮಾಡುತ್ತಿದ್ದರು. ನಾನು ತುಂಡು ಕತ್ತರಿಸಿ ಗುಂಡಿ ಒತ್ತಿದೆ. ಹಸಿರು ಅಂಕಿ ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಪೆಟ್ಟಿಗೆಗಳು ವಫ್ರಾಕ್ಕೆ ಹೋದವು.

ಮೂರನೆಯ ದಿನ ಅಲ್ಲಿಂದ ವೀಡಿಯೊ ಬಂತು. ಅಟ್ಟಿ ಹಾಕಿದ ಪೆಟ್ಟಿಗೆಗಳು ಒಂದೊಂದಾಗಿ ಮಂಡಿಯೂರುತ್ತಿದ್ದವು. ಕೆಳಗಿನ ಸಾಲಿನಿಂದ ಟೊಮೆಟೊ ರಸ ಹರಿಯುತ್ತಿತ್ತು. ಹಿನ್ನೆಲೆಯಲ್ಲಿ ಯಾರೋ ಅರಬ್ಬಿಯಲ್ಲಿ ನಮ್ಮ ಮನೆತನದ ಬಗ್ಗೆ ಮಾತಾಡುತ್ತಿದ್ದರು.

ಬರ್ನಾರ್ಡ್ ಸರ್ ಕಾರಣ ಕೇಳಿದರು. ನಾನು ಎರಡು ಪುಟದ ರಿಪೋರ್ಟ್ ಬರೆದೆ: ಕಾಗದ ಸರಿ ಇದೆ, ಪರೀಕ್ಷೆಯ ಅಂಕಿ ಸರಿ ಇದೆ, ಆದ್ದರಿಂದ ತೋಟದ ತೇವಕ್ಕೆ ಅಂಟು ಬಿಟ್ಟಿದೆ. ಅಂಟು ಎಂದರೆ ಯಶೋಧರಣ್ಣ ಎಂಬುದು ಬರೆಯುವಾಗ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ರಿಪೋರ್ಟ್ ಅಷ್ಟು ಚೆನ್ನಾಗಿ ಕೂತಿತ್ತು, ಕೆಡಿಸಲು ಮನಸ್ಸು ಬರಲಿಲ್ಲ.

"ಗುರುವಾರ ಮೂವರೂ ವಫ್ರಾಕ್ಕೆ ಹೋಗುವ," ಎಂದರು ಬರ್ನಾರ್ಡ್ ಸರ್. "ಅಂಟು ಬಿಟ್ಟದ್ದು ಹೌದಾದ್ರೆ ಆದಿತ್ಯವಾರದಿಂದ ಯಶೋಧರ ಯಾರ್ಡಿಗೆ. ಮೆಷಿನಿಗೆ ಬೇರೆಯವ್ರನ್ನು ಹಾಕ್ಲಿಕ್ಕೆ ಮೇಲಿಂದ ಹೇಳಿ ಆಗಿದೆ."

ಯಶೋಧರಣ್ಣ ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ. ನನ್ನ ಡಬ್ಬಿ ಮಾತ್ರ ಎಂದಿನಂತೆ ನನ್ನ ಮೇಜಿಗೆ ಬಂದಿತ್ತು. ಅದು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬೇಕು, ಆದರೆ ಕೋರಿ ರೊಟ್ಟಿ ಇತ್ತು, ಇಳಿಯಿತು.

ವಫ್ರಾದಲ್ಲಿ ಪ್ಯಾಕಿಂಗ್ ಶೆಡ್ ನೋಡಿಕೊಳ್ಳುವವರು ಸುಂದರ ಎಂಬ ಬೈಂದೂರಿನವರು. ನಮ್ಮನ್ನು ಕಂಡದ್ದೇ ಶುರು ಮಾಡಿದರು.

"ಬನ್ನಿ ಮಾರಾಯ್ರೆ. ನೀವು ಕಳ್ಸಿದ್ದು ಬಾಕ್ಸಾ, ಹಪ್ಪಳವಾ? ಟೊಮೆಟೊ ತುಂಬಿಸುದಾ, ಎಣ್ಣೆಗೆ ಹಾಕುದಾ ಅಂತ ಗೊತ್ತಾಗ್ಲಿಲ್ಲ."

ತೋಟದ ಯಜಮಾನನ ಕಡೆಯವರು ಬರ್ನಾರ್ಡ್ ಸರ್‌ರನ್ನು ಹೊರಗೇ ಹಿಡಿದುಕೊಂಡರು. ಒಳಗೆ ಯಶೋಧರಣ್ಣ ಕುಸಿದ ಪೆಟ್ಟಿಗೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೂಲೆ ಹಿಡಿದು ಹರಿದರು. ಮೇಲಿನ ಕಾಗದ ಸಲೀಸಾಗಿ ಎದ್ದು ಬರಲಿಲ್ಲ. ನಾರುನಾರಾಗಿ ಹರಿದು, ಅರ್ಧ ಅಲೆಗಳ ಮೇಲೆಯೇ ಉಳಿಯಿತು.

"ಅಂಟು ಬಿಡ್ಲಿಲ್ಲ," ಎಂದರು. ಅಷ್ಟು ಹೇಳಿ ಒಂದು ಉಸಿರು ಬಿಟ್ಟರು. ನಾಲ್ಕು ದಿನದಿಂದ ಅದನ್ನು ಹಿಡಿದಿಟ್ಟುಕೊಂಡಿದ್ದರೆಂದು ಕಾಣುತ್ತದೆ.

"ಮತ್ತೆ ಬಿದ್ದದ್ದು ಎಂತಕ್ಕೆ?" ಎಂದರು ಸುಂದರ.

ಯಶೋಧರಣ್ಣ ಪೆಟ್ಟಿಗೆಯ ಗೋಡೆಯಿಂದ ಒಂದು ತುಂಡು ಕಿತ್ತು, ಒಂದು ಕಣ್ಣು ಮುಚ್ಚಿ, ಅಂಚಿನ ಸಾಲು ತೂತುಗಳಲ್ಲಿ ಬೆಳಕಿನ ಕಡೆ ನೋಡಿದರು. ಪೆಟ್ಟಿಗೆ ನೋಡಿದರು. ಮತ್ತೆ ತುಂಡು ನೋಡಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

"ಎಂಜಿನಿಯರ್ರೇ, ತೂತು ಮೇಲೆ ಇರ್ಬೇಕಾ, ಬದಿಗೆ ಇರ್ಬೇಕಾ?"

ನಾನು ತುಂಡನ್ನು ಪೆಟ್ಟಿಗೆಯ ಪಕ್ಕ ಹಿಡಿದು ನೋಡಿದೆ. ಪೆಟ್ಟಿಗೆಯ ಗೋಡೆಯೊಳಗಿನ ಅಲೆಗಳು ಕಂಬಗಳಂತೆ ನೆಟ್ಟಗೆ ನಿಂತಿರಬೇಕು. ಭಾರ ಹೊರುವುದು ಅವೇ. ಆಗ ತೂತುಗಳು ಮೇಲಂಚಿನಲ್ಲಿ ಕಾಣುತ್ತವೆ. ಇಲ್ಲಿ ಬದಿಯಲ್ಲಿದ್ದವು. ಕಾಗದ ಉಳಿಸಲು ನಾನು ನಕ್ಷೆ ತಿರುಗಿಸಿದಾಗ ಕಂಬಗಳೆಲ್ಲ ಅಡ್ಡಬಿದ್ದು ಮಲಗಿದ್ದವು. ನಾಲ್ಕು ಸಾವಿರ ಪೆಟ್ಟಿಗೆಗಳಲ್ಲಿ. ಹಾಗಾದರೆ ಹಸಿರು ಅಂಕಿ? ಅದೂ ನನ್ನದೇ ಕೈಚಳಕ. ಪುಸ್ತಕದಲ್ಲಿ ಹೇಳಿದಂತೆ ತುಂಡನ್ನು ಅಲೆ ನೆಟ್ಟಗೆ ಬರುವ ಹಾಗೆ ನಿಲ್ಲಿಸಿ ಗುಂಡಿ ಒತ್ತಿದ್ದೆ. ಯಂತ್ರದಲ್ಲಿ ತುಂಡು ನಿಂತಿತ್ತು, ತೋಟದಲ್ಲಿ ಪೆಟ್ಟಿಗೆ ಮಲಗಿತ್ತು.

"ನಾನು ಒಂದು ಸಲ ಕೂತಿದ್ರೆ ಅನ್ನ ಸಾರು ಮುಗಿಯುವುದ್ರೊಳಗೆ ಹೇಳ್ತಿತ್ತು ಇದು," ಎಂದರು ಯಶೋಧರಣ್ಣ.

ಅಷ್ಟರಲ್ಲಿ ಬರ್ನಾರ್ಡ್ ಸರ್ ಬಾಗಿಲಲ್ಲಿ ನಿಂತು, "ಖಲಾಸ್, ಗಾಡಿ ಹತ್ತಿ" ಎಂದರು. ಅವರ ಮುಖವೂ ಟೊಮೆಟೊದ ಬಣ್ಣದಲ್ಲಿತ್ತು.

ಸರ್ ಗಾಡಿ ಓಡಿಸುತ್ತಿದ್ದರು, ಪಕ್ಕದಲ್ಲಿ ಯಶೋಧರಣ್ಣ, ಹಿಂದೆ ನಾನು ಮತ್ತು ರಟ್ಟಿನ ತುಂಡು. ಮೀನಾ ಅಬ್ದುಲ್ಲಾ ಊರು ದಾಟಲಿ, ಹೇಳುತ್ತೇನೆ ಎಂದುಕೊಂಡೆ. ದಾಟಿತು. ಮುಂದೆ ಲಾರಿ ಇದೆ, ಅದನ್ನು ಹಿಂದೆ ಹಾಕಲಿ ಎಂದುಕೊಂಡೆ. ಹಾಕಿದರು. ಆ ದಿನ ಆ ರಸ್ತೆಯಲ್ಲಿ ಎಷ್ಟು ಲಾರಿಗಳಿದ್ದವು ಎಂದು ನನ್ನಷ್ಟು ನಿಖರವಾಗಿ ಯಾರೂ ಹೇಳಲಾರರು.

"ಅಂಟು ಬಿಡ್ಲಿಲ್ಲ ಸರ್," ಎಂದರು ಯಶೋಧರಣ್ಣ.

"ರಿಪೋರ್ಟಲ್ಲಿ ಅಂಟು ಅಂತ ಉಂಟಲ್ಲ ಯಶೋಧರ. ಮತ್ತೆ ಎಂತಕ್ಕೆ ಬಿತ್ತು?"

"ಅದನ್ನು ಕಾಲೇಜು ಓದಿದವ್ರಲ್ಲಿ ಕೇಳಿ. ಹಿಂದೆ ಕೂತಿದ್ದಾರೆ."

ಕನ್ನಡಿಯಲ್ಲಿ ಬರ್ನಾರ್ಡ್ ಸರ್‌ರ ಕಣ್ಣು ನನ್ನ ಮೇಲೆ ಬಿತ್ತು. ನಾನು ಬಾಯಿ ತೆರೆದೆ. ಹೊರಬಂದದ್ದು, "ಹವೆಯಲ್ಲಿ ತೇವ ಜಾಸ್ತಿ ಸರ್" ಎಂಬ ಮಾತು. ಹೊರಗೆ ಮರಳು ಹಾರುತ್ತಿತ್ತು.

ಯಶೋಧರಣ್ಣ ಬೈದಿದ್ದರೆ ವಾಸಿಯಿತ್ತು. ಕಿಟಕಿಯ ಕಡೆ ಮುಖ ಮಾಡಿ, ಎರಡು ಬೆರಳುಗಳನ್ನು ಅಂಟು ನೋಡುವ ಹಾಗೆ ಸುಮ್ಮನೆ ತಿಕ್ಕುತ್ತಾ ಕೂತರು.

ಬರ್ನಾರ್ಡ್ ಸರ್ ಫೋನಿನ ಗುಂಡಿ ಒತ್ತಿದರು. ಯಾರ್ಡಿನ ಮೇಸ್ತ್ರಿಯ ದನಿ ಗಾಡಿಯ ತುಂಬಾ ಕೇಳಿಸಿತು. "ಭಾಯಿ, ಸಂಡೇ ಕೋ ಏಕ್ ಆದ್ಮೀ ಆಯೇಗಾ," ಆದಿತ್ಯವಾರ ಒಬ್ಬ ಆಳು ಬರುತ್ತಾನೆಂದು ಸರ್ ಹಿಂದಿಯಲ್ಲಿ ಶುರು ಮಾಡಿದರು.

"ಸರ್, ಗಾಡಿ ನಿಲ್ಸಿ!"

ವಾಂತಿಯೆಂದು ಹೆದರಿ ಅವರು ತಕ್ಷಣ ಬದಿಗೆ ತೆಗೆದರು. ನಾನು ಇಳಿದು, ಅವರ ಕಿಟಕಿಯ ಹತ್ತಿರ ಹೋಗಿ, ತುಂಡನ್ನು ಕೈಯಲ್ಲಿ ಎರಡೂ ರೀತಿ ಹಿಡಿದು ಒತ್ತಿ ತೋರಿಸಿದೆ. ಹೀಗೆ ಹಿಡಿದರೆ ಬಗ್ಗುವುದಿಲ್ಲ. ಹೀಗೆ ಹಿಡಿದರೆ ಮಡಚುತ್ತದೆ. ನಾನು ಹೀಗೆ ಹಿಡಿದಿದ್ದೆ.

ಬರ್ನಾರ್ಡ್ ಸರ್ ತುಂಡನ್ನು ತೆಗೆದುಕೊಂಡು ತಾವೂ ಎರಡು ಸಲ ಒತ್ತಿ ನೋಡಿದರು.

"ಜಾಬ್ ಕಾರ್ಡ್ ಬರೆದದ್ದು?"

"ನಾನೇ ಸರ್."

"ಅಂಟು ಅಂತ ರಿಪೋರ್ಟ್ ಬರೆದದ್ದು?"

"ಅದೂ ನಾನೇ."

"ಕೂರ್ಬಾರ್ದು ಅಂತ ಚಿತ್ರ ಅಂಟಿಸಿದ್ದು?"

"ನಾನೇ."

"ಶಹಬ್ಬಾಸ್ ಹೇಳಿದ್ದು?"

"ಅದು ನೀವು ಸರ್."

ಯಶೋಧರಣ್ಣನ ಭುಜ ಕುಲುಕಿತು. ನಗು ತಡೆಯಲಾಗದೆ ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಬರ್ನಾರ್ಡ್ ಸರ್‌ಗೆ ನಗಬೇಕೋ ಐದು ಭಾಷೆಯಲ್ಲಿ ಬೈಯಬೇಕೋ ಗೊತ್ತಾಗದೆ, ಕೊಂಕಣಿಯಲ್ಲಿ ಒಂದೇ ಒಂದು ಮಾತು ಹೇಳಿದರು. ಅದರ ಅರ್ಥ ನಾನು ಈವರೆಗೆ ಯಾರನ್ನೂ ಕೇಳಿಲ್ಲ. ಯಾರ್ಡಿನ ಮೇಸ್ತ್ರಿ ಫೋನಿನಲ್ಲಿ ಇನ್ನೂ ಕಾಯುತ್ತಿದ್ದ. "ಹಾಂ ಭಾಯಿ," ಎಂದರು ಸರ್, "ಏಕ್ ಆದ್ಮೀ ಆಯೇಗಾ. ನಹೀಂ, ಯಶೋಧರ್ ನಹೀಂ. ಎಂಜಿನಿಯರ್."

ಸುತ್ತೋಲೆಯನ್ನು ಆ ಸಂಜೆಯೇ ಬರ್ನಾರ್ಡ್ ಸರ್ ತಾವೇ ಕಿತ್ತರು. ವಫ್ರಾಕ್ಕೆ ಹೊಸ ಪೆಟ್ಟಿಗೆಗಳು ಹೋದವು, ಕಂಬಗಳು ನೆಟ್ಟಗಿದ್ದವು.

ನನಗೆ ಯಾರ್ಡಿನಲ್ಲಿ ಒಂದು ತಿಂಗಳು. ಆದಿತ್ಯವಾರ ಬೆಳಿಗ್ಗೆ ಲಾರಿಯಿಂದ ಇಳಿದ ಮೊದಲ ರದ್ದಿಯೇ ನನ್ನ ನಾಲ್ಕು ಸಾವಿರ. ರಸ ಕುಡಿದ ರಟ್ಟು ಹೊಸ ಕಾಗದವನ್ನೂ ಕೆಡಿಸುತ್ತದೆ, ಅದನ್ನು ಬೇರೆ ಹಾಕಬೇಕು. ಉಳಿದವುಗಳ ಟೇಪು ಸುಲಿದು, ಪಿನ್ನು ಕಿತ್ತು ಪ್ರೆಸ್ಸಿಗೆ ತುಂಬಬೇಕು. ಮೈಕ್ರೊಮೀಟರ್ ತೆಗೆದು ಕಪಾಟಿನಲ್ಲಿಟ್ಟು ಬಂದಿದ್ದೆ. ಹತ್ತು ಗಂಟೆಗೆ ನನ್ನ ಅಂಗೈಯಲ್ಲಿ ಮೂರು ಗೀರು, ತಲೆಗೆ ಕಟ್ಟಿದ ಬಟ್ಟೆಯಲ್ಲಿ ಒಂದು ಟೊಮೆಟೊ ಬೀಜ.

ಚಹಾದ ಹೊತ್ತಿಗೆ ಯಶೋಧರಣ್ಣ ಹಿಂದಿನ ಬಾಗಿಲಿಂದ ಬಂದರು. ನಾನು ತೆಗೆದಿಟ್ಟ ಪೆಟ್ಟಿಗೆಗಳ ರಾಶಿಯಿಂದ ಒಂದನ್ನು ಎತ್ತಿ, ಮೂಲೆ ಮಡಚಿ ನೋಡಿ, ಒಳಗಿನ ಮಡಿಕೆಯಿಂದ ಒಂದು ಪಿನ್ನನ್ನು ಉಗುರಿನಲ್ಲಿ ಎಬ್ಬಿಸಿ ನನ್ನ ಗೀರು ಬಿದ್ದ ಅಂಗೈಗೆ ಹಾಕಿದರು.

"ಇಲ್ಲಿ ಒಂದು ಅಡಗಿ ಕೂತ್ಕೊಳ್ತದೆ. ನಾನು ಆರು ವರ್ಷ ಕಿತ್ತಿದ್ದೇನೆ, ನನಗೆ ಗೊತ್ತು. ಇದೊಂದು ಸೋಸುವಲ್ಲಿ ತಪ್ಪಿಸಿಕೊಂಡು ಬಂದು ನನ್ನ ರೋಲರಿಗೆ ಗೀರು ಹಾಕಿದ್ರೆ, ಘಟ್ಟದವನೇ, ರಿಪೋರ್ಟ್ ನಾನು ಬರೀತೇನೆ."

"ನಿಮಗೆ ಬರೆಯಲು ಬರುತ್ತದಾ ಯಶೋಧರಣ್ಣ?"

"ಚಿತ್ರ ಬಿಡಿಸ್ತೇನೆ," ಎಂದು ಅವರು ತಮ್ಮ ಮೆಷಿನಿಗೆ ಹೋದರು.