ಕುಲಪತಿಗಳಿಗೆ ನಾವು ಹಚ್ಚಿಕೊಟ್ಟ ಬೀದಿದೀಪ

ದುಬೈಯಲ್ಲಿರುವ ನಮ್ಮ ಖಾಸಗಿ ವಿಶ್ವವಿದ್ಯಾಲಯದ ಕುಲಪತಿ ಪೋಲೆಂಡಿನವರು, ಇತಿಹಾಸಕಾರರು. ಅವರ ಕಚೇರಿಯಲ್ಲಿ ಅವರ ದಿನಚರಿ ನೋಡಿಕೊಳ್ಳುವುದು ನನ್ನ ಕೆಲಸ: ಯಾವ ಸಭೆ ಎಷ್ಟು ಹೊತ್ತಿಗೆ, ಯಾವ ಭಾಷಣ ಎಲ್ಲಿ, ಯಾರ ಜೊತೆ ಫೋಟೊ. ಸಂಜೆ ಇಂಟರ್‌ನ್ಯಾಷನಲ್ ಸಿಟಿಯ ಕೋಣೆಗೆ ಮರಳಿದ ಮೇಲೆ ನನ್ನ ದಿನಚರಿಯಲ್ಲೂ ಅದನ್ನೇ ಬರೆದು ತಿಂಗಳ ಕೊನೆಗೆ ಕೂಡಿಸುತ್ತೇನೆ. ಕಳೆದ ಜನವರಿಯಲ್ಲಿ ಅವರು ಹನ್ನೊಂದು ರಿಬ್ಬನ್ ಕತ್ತರಿಸಿದರು. ತರಗತಿಗೆ ಹೋದದ್ದು ಸೊನ್ನೆ.

ಮೊದಲು ಹೀಗಿರಲಿಲ್ಲ. ಅವರು ಹುಟ್ಟಿದ್ದು ದೊಡ್ಡ ಊರಿನಲ್ಲಿ, ಹಲ್ಲಿನ ವೈದ್ಯರ ಮಗನಾಗಿ. ಮನೆಯಲ್ಲಿ ಪಿಯಾನೊ ಇತ್ತೆಂದು ಅವರೇ ಒಮ್ಮೆ ಕಾಫಿ ಕುಡಿಯುತ್ತ ಹೇಳಿದ್ದರು. ತರುಣನಾಗಿದ್ದಾಗ ಅವರು ಬರೆದ ದಪ್ಪ ಪುಸ್ತಕ ತಮ್ಮ ದೇಶದ ಹಳೆಯ ಜಹಗೀರುದಾರರ ವಂಶಾವಳಿಗಳ ಕುರಿತದ್ದು. ಆ ದೊರೆಗಳು ತಾವು ರೋಮಿನ ಸೇನಾಪತಿಗಳ ಸಂತತಿಯೆಂದು ಹೊಗಳುಭಟರಿಂದ ಬರೆಸಿಕೊಂಡಿದ್ದರಂತೆ. ಇವರು ಚರ್ಚುಗಳ ಹಳೆಯ ದಾಖಲೆಗಳನ್ನು ಕೆದಕಿ ಒಂದೊಂದೇ ಸುಳ್ಳನ್ನು ಬಯಲಿಗೆಳೆದರು. ಆ ಪುಸ್ತಕದಿಂದ ಪ್ರಾಧ್ಯಾಪಕರಾದರು, ಆಮೇಲೆ ಡೀನ್ ಆದರು, ಆಮೇಲೆ ಅಲ್ಲಿನ ಕುಲಪತಿ, ಕೊನೆಗೆ ದುಬೈಗೆ ಬಂದರು. ಅವರ ಪ್ರಕಟಣೆಗಳ ಪಟ್ಟಿಯನ್ನು ಟೈಪ್ ಮಾಡಿದವನು ನಾನೇ. ಕುರ್ಚಿ ದೊಡ್ಡದಾದ ಮೇಲಿನ ಪುಟಗಳಲ್ಲಿ ಇರುವುದೆಲ್ಲ ಬೇರೆಯವರ ಪುಸ್ತಕಗಳಿಗೆ ಬರೆದ ಮುನ್ನುಡಿ.

ಫೆಬ್ರವರಿಯಲ್ಲಿ ಈ ಇತಿಹಾಸಕಾರರು ಇತಿಹಾಸ ವಿಭಾಗವನ್ನು ಮುಚ್ಚುವ ಕಡತ ತರಿಸಿಕೊಂಡರು. ವಿಭಾಗವೆಂದರೆ ಒಬ್ಬರೇ, ಪುತ್ತೂರು ಕಡೆಯ ಒಬ್ಬ ಮೇಡಂ. ವಿಭಾಗ ಹೋದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ವೀಸಾ. ಅವರ ಮಗಳು ಒಂಬತ್ತನೆಯಲ್ಲಿದ್ದಳು. ಅವಳ ಹತ್ತನೆಯ ಪರೀಕ್ಷೆ ಮುಗಿಯುವವರೆಗೆ ಇನ್ನೊಂದು ವರ್ಷ ವಿಭಾಗ ಉಳಿಯಲಿ, ಮೇಡಂ ಕೇಳಿಕೊಂಡದ್ದು ಅಷ್ಟೇ. ಕುಲಪತಿ "ನೋಡೋಣ" ಎಂದಿದ್ದರು.

ಸುದ್ದಿ ನಮ್ಮ ಕನ್ನಡ ಬಳಗಕ್ಕೆ ತಲುಪಿತು. ಬಳಗದ ಕಾರ್ಯದರ್ಶಿಗೆ ಅಬುಧಾಬಿಯ ಅಲ್ ಮೀನಾದಲ್ಲಿ ಕಾರ್ಪೆಟ್ ಅಂಗಡಿ. ಲೋಕದ ಯಾವ ಕಷ್ಟಕ್ಕೂ ಅವರ ಬಳಿ ಇರುವ ಮದ್ದು ಸನ್ಮಾನ. ಶುಕ್ರವಾರ ಸಂಜೆ ಮೇಡಂ ಮನೆಯ ಸೋಫಾದಲ್ಲಿ ಕಾಲು ಮಡಚಿ ಕೂತು ತೀರ್ಪು ಕೊಟ್ಟರು.

"ಶಾಲು ಹೊದಿಸಿದ ಮೇಲೆ ಯಾರೂ ಇಲ್ಲ ಹೇಳುದಿಲ್ಲ ಮೇಡಂ. ನಾವು ರಾಜ್ಯೋತ್ಸವ ಮಾಡುವ ಹಾಲ್‌ನ ಓನರ್‌ಗೆ ಹೊದಿಸಿದ್ದೆವು, ಮರುವರ್ಷ ಹಾಲ್ ಫ್ರೀ ಕೊಡ್ಲಿಲ್ವಾ?"

"ಅವ್ರು ಪೋಲೆಂಡಿನವ್ರು ಮಾರಾಯ್ರೆ. ಶಾಲು ಚಳಿಗೆ ಅಂತ ತಿಳ್ಕೊಳ್ತಾರೆ," ಎಂದರು ಮೇಡಂ.

"ಮೈಸೂರು ಪೇಟ ತಲೆ ಮೇಲೆ ಕೂತ್ರೆ ಯಾವ ದೇಶದವನಾದ್ರೂ ಒಂದೇ. ನೀವು ಸುಮ್ನಿರಿ."

ಒಳಗಿನಿಂದ ಮಗಳು ಕೂಗಿದಳು: "ಅಮ್ಮಾ, ಪ್ಲೀಸ್! ದಿಸ್ ಈಸ್ ಸೋ ಎಂಬ್ಯಾರಸಿಂಗ್."

ಆ ಮನೆಯಲ್ಲಿ ಅಂದು ಬುದ್ಧಿಯಿದ್ದ ಮಾತು ಅದೊಂದೇ.

ಸನ್ಮಾನ ಪತ್ರವನ್ನು ಕಾರ್ಯದರ್ಶಿಯೇ ಬರೆದರು. ಬರೆದರು ಎಂದರೆ, ಹಿಂದಿನ ವರ್ಷ ಒಬ್ಬ ಹೋಟೆಲ್ ಮಾಲೀಕರಿಗೆ ಓದಿದ್ದ ಪತ್ರದಲ್ಲಿ ಹೆಸರು ಬದಲಿಸಿದರು. ಇಂಗ್ಲಿಷಿಗೆ ತಿರುಗಿಸಲು ನನ್ನ ಕೈಗೆ ಬಂತು. ಕಡುಬಡತನದಲ್ಲಿ ಹುಟ್ಟಿ, ಬೀದಿದೀಪದ ಬೆಳಕಿನಲ್ಲಿ ಓದಿ, ಬರಿಗಾಲಲ್ಲಿ ಶಾಲೆಗೆ ನಡೆದ ಮಹನೀಯರೇ ಎಂದು ಶುರುವಾಗುತ್ತಿತ್ತು.

"ಅಣ್ಣ, ಅವರ ಮನೆಯಲ್ಲಿ ಪಿಯಾನೊ ಇತ್ತು," ಎಂದೆ.

"ಪಿಯಾನೊ ಇದ್ದವನಿಗೆ ಯಾರಾದ್ರೂ ಚಪ್ಪಾಳೆ ಹೊಡೀತಾರಾ?"

"ಬರಿಗಾಲಾದರೂ ಬೇಡ. ಅಲ್ಲಿ ಹಿಮ ಬೀಳ್ತದೆ."

"ಹಿಮವಾ! ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಹಿಮದಲ್ಲಿ ಬರಿಗಾಲು ಅಂತ ಹಾಕು. ಖಲಾಸ್."

ಮಾರ್ಚಿನ ಒಂದು ಶನಿವಾರ ಅದೇ ಹಾಲ್‌ನಲ್ಲಿ ಸನ್ಮಾನ ನಡೆಯಿತು. ಪೇಟ, ಶಾಲು, ಗಂಧದ ಹಾರ, ಸೆಲೋಫೇನ್ ಸುತ್ತಿದ ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಪೇಟ ಸಣ್ಣದಾಗಿ ಕಿವಿಯ ಮೇಲೆಯೇ ನಿಂತಿತು. ಪತ್ರದ ಓದಿನಲ್ಲಿ ಬೀದಿದೀಪದ ಸಾಲು ಬಂದಾಗ ನಾನು ಕುಲಪತಿಯ ಮುಖವನ್ನೇ ನೋಡುತ್ತಿದ್ದೆ. ಇಂಥ ಸಾಲುಗಳನ್ನು ಸಿಪ್ಪೆ ಸುಲಿದು ಹೆಸರು ಮಾಡಿದ ಮನುಷ್ಯ, ನಗುತ್ತಾರೆ, ಕಡೇಪಕ್ಷ ಹುಬ್ಬನ್ನಾದರೂ ಏರಿಸುತ್ತಾರೆ ಎಂದುಕೊಂಡಿದ್ದೆ. ಅವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಹಿಮದ ಸಾಲಿಗೆ ಮೂಗನ್ನೂ ಒರೆಸಿಕೊಂಡರು. ಆಮೇಲೆ ಎದ್ದು ನಿಂತು, ಇತಿಹಾಸವಿಲ್ಲದ ವಿಶ್ವವಿದ್ಯಾಲಯ ಆತ್ಮವಿಲ್ಲದ ಕಟ್ಟಡ ಎಂದರು. ಆ ಭಾಷಣದಲ್ಲಿ 'ಇತಿಹಾಸ' ಒಂಬತ್ತು ಸಲ ಬಂತು. ಕಾರ್ಯದರ್ಶಿ ನನ್ನ ತೊಡೆ ಚಿವುಟಿ, "ಗೆದ್ದೆವು" ಎಂದರು. ಮೂರನೆಯ ಸಾಲಿನಲ್ಲಿ ಮೇಡಂ ಬ್ಯಾಗನ್ನು ಅಪ್ಪಿಕೊಂಡು ಕೂತಿದ್ದರು. ಎಲ್ಲರೂ ತಿರುಗಿ ನೋಡಿದ ಮೇಲೆ ಅವರೂ ಕೈ ತಟ್ಟಿದರು.

ಸೋಮವಾರ ಕುಲಪತಿ ಎರಡು ಕೆಲಸ ಮಾಡಿದರು. ಚೌಕಟ್ಟು ಹಾಕಿದ್ದ ಸನ್ಮಾನ ಪತ್ರವನ್ನು ಬಾಗಿಲಿಗೆ ಎದುರಾಗಿ ನನ್ನಿಂದ ತೂಗುಹಾಕಿಸಿದರು. ಬಳಿಕ ಅದರ ಕೆಳಗೆ ಕೂತು, ಈ ಶೈಕ್ಷಣಿಕ ಅವಧಿಯ ಕೊನೆಗೆ ಇತಿಹಾಸ ವಿಭಾಗ ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ಆತ್ಮದ ಮಾತು ಶನಿವಾರದ್ದಾಗಿತ್ತು.

ಫೋನಿನಲ್ಲಿ ತಿಳಿಸಿದೆ. ಕಾರ್ಯದರ್ಶಿ, "ಪಾಲಿಯೆಸ್ಟರ್ ಶಾಲು ಹಾಕಿದ್ದೇ ತಪ್ಪಾಯ್ತು ಕಾಣ್ತದೆ. ರೇಷ್ಮೆಯದ್ದು ಹಾಕ್ಬೇಕಿತ್ತು," ಎಂದರು. ಅವರು ಕಲಿತ ಪಾಠ ಅಷ್ಟು.

ಅದೇ ವಾರ ಕುಲಪತಿ ಜಾಲತಾಣದಲ್ಲಿರುವ ತಮ್ಮ ಪರಿಚಯವನ್ನು ಬದಲಿಸಲು ಹೇಳಿದರು.

"ಆ ದೀಪದ, ಹಿಮದ ಸಾಲುಗಳು ಸುಂದರವಾಗಿವೆ. ಸೇರಿಸು."

"ಸರ್, ಅದು ನಡೆದದ್ದೇ?"

"ನಮ್ಮ ಬೀದಿಯಲ್ಲಿ ದೀಪ ಇತ್ತು. ನಾನು ಓದುತ್ತಲೂ ಇದ್ದೆ."

ಜಾಲತಾಣಕ್ಕೆ ಹೋಗುವ ಪ್ರತಿ ಬರಹವನ್ನೂ ಆಯಾ ವಿಷಯದವರು ನೋಡಿ ಒಪ್ಪಬೇಕೆಂಬುದು ನಮ್ಮಲ್ಲಿನ ನಿಯಮ. ಹಿರಿಯರ ಜೀವನಚರಿತ್ರೆ ಇತಿಹಾಸ ವಿಭಾಗಕ್ಕೆ ಸೇರಿದ್ದು. ಹಾಗಾಗಿ ಮೇಡಂ ಮುಂದಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಎಂತದಿದು? ಇವ್ರು ನಮ್ಮೂರ ಹೋಟೆಲಿನವರಾ?"

ಬೀದಿದೀಪವನ್ನೂ ಹಿಮವನ್ನೂ ಹೊಡೆದು ಹಾಕಿ, ಪಕ್ಕದಲ್ಲಿ 'ಹಲ್ಲಿನ ವೈದ್ಯರ ಮಗ' ಎಂದು ಬರೆದು, ಒಪ್ಪಿಲ್ಲವೆಂದು ಹಿಂತಿರುಗಿಸಿದರು.

"ಮೇಡಂ, ಒಪ್ಪಿಬಿಡಿ. ಇನ್ನೊಂದು ವರ್ಷ ಕೊಟ್ಟರೂ ಕೊಡಬಹುದು."

"ಮಗಳಿಗೋಸ್ಕರ ಆ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿ ಆಯ್ತಲ್ಲ. ಸಹಿ ಬೇರೆ ಹಾಕ್ಬೇಕಾ?"

ಹಾಳೆಯನ್ನು ಕುಲಪತಿಗೆ ಕೊಟ್ಟೆ. ಅವರು ಓದಿ ಮೇಜಿನ ಖಾನೆಯೊಳಗಿಟ್ಟುಕೊಂಡರು.

ಅವಧಿ ಮುಗಿಯಿತು. ಅಲ್ ಐನ್‌ನ ಒಂದು ಶಾಲೆ ಮೇಡಂಗೆ ಕೆಲಸ ಕೊಡುವ ಮಾತಾಡಿ, ಆಮೇಲೆ ಫೋನ್ ಎತ್ತುವುದನ್ನು ಬಿಟ್ಟಿತು. ಜುಲೈಯಲ್ಲಿ ವಿಮಾನ ನಿಲ್ದಾಣಕ್ಕೆ ಅವರನ್ನು ಬಿಡಲು ನಾನೇ ಹೋದೆ. ಅಕ್ಷರ ಕೂಡಿಸಿಕೊಂಡು ಕನ್ನಡ ಓದುವ ಹುಡುಗಿ ಇನ್ನು ಪುತ್ತೂರಿನಲ್ಲಿ ಹತ್ತನೆಯನ್ನು ಮುಗಿಸಬೇಕು. ಟ್ರಾಲಿ ತಳ್ಳುತ್ತ ಅವಳು ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು:

"ಅಮ್ಮಾ, ಅಜ್ಜಿ ಮನೆ ಹತ್ರ ಬೀದಿದೀಪ ಉಂಟಾ?"

ಮರುದಿನ ಬೆಳಿಗ್ಗೆ ಕುಲಪತಿ ನನ್ನನ್ನು ಕರೆದರು. ಮೇಜಿನಿಂದ ಹಳೆಯ ಹಾಳೆ ತೆಗೆದರು.

"ಇದಕ್ಕೆ ಈಗ ಯಾರ ಒಪ್ಪಿಗೆ ಬೇಕು?"

"ಇತಿಹಾಸ ವಿಭಾಗದ್ದು, ಸರ್. ಅದು ಈಗಿಲ್ಲ."

"ಹಾಗಾದರೆ ಹಾಕು."

ಹಾಕಿದೆ. ಹಿಮವನ್ನೂ ಬಿಡಲಿಲ್ಲ.